ಅಜ್ಜಿ ಕಾರಿನ ಡ್ರೈವರು

ಮರಳೂರಿನ ಆ ಮನೆಯಲ್ಲಿ ಚಿಕ್ಕಮಾರಮ್ಮನ ಮಧ್ಯಾಹ್ನದ ಊಟ ನಡೆಯುತ್ತಿದ್ದುದು ಕಾರಿನೊಳಗೆ. ಇದನ್ನು ಕೇಳಿ ನಕ್ಕವರು ಬೀದಿಯಲ್ಲಿ ಬಹಳ ಮಂದಿ. ನಕ್ಕವರಲ್ಲಿ ಒಬ್ಬರೂ ಬಂದು ಅವಳಿಗೆ ಒಂದು ತುತ್ತು ಉಣ್ಣಿಸಿ ನೋಡಿದವರಲ್ಲ.

ಸೊಸೆ ಭಾನುಪ್ರಿಯಾ ಮುದ್ದೆ ಕಟ್ಟಿ, ಬಟ್ಟಲಿಗೆ ಸೊಪ್ಪಿನ ಸಾರು ಬಿಟ್ಟು, ಅತ್ತೆಯ ಕೈಹಿಡಿದು ಅಂಗಳಕ್ಕೆ ಕರೆತರುತ್ತಿದ್ದಳು. ಅಲ್ಲಿ ತಗಡಿನ ಶೆಡ್ಡಿನ ಕೆಳಗೆ ಹಳದಿ ಬಣ್ಣದ ಹಳೇ ಅಂಬಾಸಿಡರ್ ಕಾರು ನಿಂತಿತ್ತು. ಅದರ ಎಂಜಿನ್ ಸತ್ತು ಎಷ್ಟೋ ವರ್ಷವಾಗಿತ್ತು. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತೊಡೆಯ ಮೇಲೆ ತಟ್ಟೆ ಇಟ್ಟು, ಭಾನುಪ್ರಿಯಾ ಕೂಗುತ್ತಿದ್ದಳು:

“ರೈಟ್, ಹೊರಡ್ಲಿ!”

ಬುರ್ರ್ ಎಂದು ಸದ್ದಾಗುತ್ತಿತ್ತು. ಮುಂದಿನ ಸ್ಟೇರಿಂಗು ತಾನಾಗಿಯೇ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ತಿರುಗುತ್ತಿತ್ತು. ಡ್ರೈವರ್ ಜಾಗದಲ್ಲಿ ನರಪಿಳ್ಳೆಯೂ ಕಾಣುತ್ತಿರಲಿಲ್ಲ.

“ಅಯ್ ನಮ್ಮಪ್ಪನೇ, ತಾನೇ ಹೋಯ್ತದಲ್ಲಾ!” ಎಂದು ಚಿಕ್ಕಮಾರಮ್ಮ ಬಾಯ್ತುಂಬ ನಗುತ್ತಿದ್ದಳು. ನಗುತ್ತಲೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತನ್ನ ಕೈಯಿಂದಲೇ ತಿನ್ನುತ್ತಿದ್ದಳು.

ಸ್ಟೇರಿಂಗು ತಿರುಗಿಸುತ್ತಿದ್ದವನು ಅವಳ ಗಂಡ ಚಿಕ್ಕರಂಗಯ್ಯ. ಎಪ್ಪತ್ತು ದಾಟಿದ ಮುದುಕ, ಡ್ಯಾಶ್‌ಬೋರ್ಡಿನ ಕೆಳಗೆ ಮುದುರಿ ಮಲಗಿ, ಮೇಲೆ ಕರೀ ಕಂಬಳಿ ಎಳೆದುಕೊಂಡು, ಸ್ಟೇರಿಂಗಿನ ಕೆಳಗಿನ ಅಂಚು ಹಿಡಿದು ಆಡಿಸುತ್ತಿದ್ದ. ಎಂಜಿನ್ ಸದ್ದು ಅವನ ಬಾಯಿಂದಲೇ ಬರುತ್ತಿತ್ತು. ಗೇರ್ ಬದಲಿಸುವ ಸದ್ದನ್ನೂ ಅವನು ಬಿಡುತ್ತಿರಲಿಲ್ಲ.

ಅವನು ಹೀಗೆ ಅಡಗಲೇಬೇಕಾಗಿತ್ತು. ಮರೆವಿನ ಕಾಯಿಲೆ ಹತ್ತಿದ ಮೇಲೆ ಚಿಕ್ಕಮಾರಮ್ಮನಿಗೆ ಮಗ, ಸೊಸೆ, ಮೊಮ್ಮಗಳು ಅರ್ಧಂಬರ್ಧ ನೆನಪಿದ್ದರು. ಗಂಡ ಮಾತ್ರ ಪೂರ್ತಿ ಅಳಿಸಿಹೋಗಿದ್ದ. ಅವನನ್ನು ಕಂಡರೆ “ಯಾವನೋ ಗಂಡ್ಸು ಮನೇಗ್ ನುಗ್ಗವ್ನೆ, ಹೊರಗಾಕ್ರೋ” ಎಂದು ಕಿರುಚುತ್ತಿದ್ದಳು. ಅವನು ತಟ್ಟೆ ಹಿಡಿದು ಬಂದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ಒಂದು ದಿನ ಅವನು ಕಾರಿನೊಳಗೆ ಇಲಿಗೂಡು ತೆಗೆಯಲು ತೂರಿಕೊಂಡಿದ್ದಾಗ ಅವಳು ಬಂದು ಹಿಂದೆ ಕೂತಳು. ಅವಳು ಹೆದರದಿರಲೆಂದು ಅವನು ಮೇಲೇಳದೆ ಸುಮ್ಮನೆ ಸ್ಟೇರಿಂಗು ತಿರುಗಿಸಿದ. ಅವಳು ನಕ್ಕಳು. ಎರಡು ದಿನದಿಂದ ಬಾಯಿ ಬಿಡದಿದ್ದವಳು ಅವತ್ತು ಇಡೀ ಮುದ್ದೆ ತಿಂದಳು.

ಒಂದೇ ಒಂದು ಕಿರಿಕಿರಿಯಿತ್ತು. ತಿನ್ನುವ ನಡುವೆ ಅವಳು ಒಂದೊಂದು ತುತ್ತನ್ನು ಮುಂದಿನ ಸೀಟಿನ ಸಂದಿಗೆ ತುರುಕಿಬಿಡುತ್ತಿದ್ದಳು. ತುರುಕುವಾಗ “ಬೇಗ, ಬೇಗ, ಬತ್ತಾವ್ರೆ” ಎಂದು ಏನೋ ಗೊಣಗುತ್ತಿದ್ದಳು. ಅವಳ ನೂರೆಂಟು ಗೊಣಗಾಟದಲ್ಲಿ ಇದೂ ಒಂದು ಎಂದು ಯಾರೂ ಕಿವಿಗೊಡಲಿಲ್ಲ.

“ನೋಡಿ ಮಾವ, ಮತ್ತೆ ಇರುವೆ. ಈ ಕಾರಿಗಾಗಿ ನಾನು ದಿನಾ ಪೊರಕೆ ಹಿಡೀಬೇಕಾ?” ಎಂದು ಭಾನುಪ್ರಿಯಾ ಸಿಡುಕುತ್ತಿದ್ದಳು.

“ಅವ್ಳ ಕೈ ನಡುಗ್ತದೆ ಕಣವ್ವ, ಬೀಳ್ತದೆ. ನಾನೇ ಗುಡಿಸ್ತೀನಿ ಬುಡು.”

ಹೆಂಡತಿ ಒಳಗೆ ಹೋದಮೇಲೆ ಚಿಕ್ಕರಂಗಯ್ಯ ಕಂಬಳಿಯಿಂದ ಹೊರಬಂದು, ಸೊಂಟ ಹಿಡಿದುಕೊಂಡು, ಸಂದಿಯಲ್ಲಿನ ತುತ್ತುಗಳನ್ನೆಲ್ಲ ಗುಡಿಸಿ ಕಾಂಪೌಂಡಿನ ಆಚೆ ಕಾಗೆಗೆ ಎಸೆಯುತ್ತಿದ್ದ. ಎಷ್ಟೋ ತಿಂಗಳು ಹೀಗೇ ನಡೆಯಿತು.

ಆ ಕಾರು ಸಾಮಾನ್ಯ ಕಾರಲ್ಲ. ಚಿಕ್ಕರಂಗಯ್ಯ ಕುಣಿಗಲ್ಲಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಹರೆಯದ ದಿನಗಳಲ್ಲಿ ಒಂದು ಹಾಸ್ಯ ಸಿನಿಮಾದವರು ಮಾರ್ಕೋನಹಳ್ಳಿ ಅಣೆಕಟ್ಟೆಗೆ ಶೂಟಿಂಗಿಗೆ ಬಂದಿದ್ದರು. ಜಿಪುಣಿ ಅಜ್ಜಿಯೊಬ್ಬಳು ಸತ್ತು ದೆವ್ವವಾಗಿ, ತನ್ನ ಕಾರನ್ನು ಮಾರಹೊರಟ ಮೊಮ್ಮಗನನ್ನು ಆ ಕಾರಿನಿಂದಲೇ ಅಟ್ಟಿಸಿಕೊಂಡು ಹೋಗುವ ಕಥೆ. ಡ್ರೈವರಿಲ್ಲದ ಕಾರು ಕಟ್ಟೆಯ ಮೇಲೆ ಓಡುವುದನ್ನು ಕಂಡು ಜನ ಟಾಕೀಸಿನಲ್ಲಿ ಬಿದ್ದು ಬಿದ್ದು ನಕ್ಕರು. ಇವತ್ತಿಗೂ ಟೀವಿಯಲ್ಲಿ ಆ ತುಣುಕು ಬಂದರೆ ನಗುತ್ತಾರೆ. ಓಡಿಸಿದವನು ಚಿಕ್ಕರಂಗಯ್ಯ. ಒರಗು ಉಳಿಸಿ ಡ್ರೈವರ್ ಸೀಟಿನ ಕೂರುವ ಭಾಗ ಕತ್ತರಿಸಿ ತೆಗೆದು, ಅವನನ್ನು ಕೆಳಗೆ ಮಲಗಿಸಿ, ಮುಂದೆ ನೋಡಲು ಒಂದು ಕಿಂಡಿ ಕೊರೆದುಕೊಟ್ಟಿದ್ದರು. ಸೀಟು ಹೋದ ಕಾರು ಮಾಲೀಕನಿಗೆ ಬೇಡವಾಯಿತು. ಇವನು ಗುಜರಿ ಬೆಲೆಗೆ ಕೊಂಡುಕೊಂಡ.

ಸಿನಿಮಾದಲ್ಲಿ ಅವನ ಹೆಸರು ಬರಲಿಲ್ಲ. ಮುಖವಂತೂ ಬರುವ ಹಾಗೇ ಇರಲಿಲ್ಲ. ಮದುವೆ ಮನೆಗಳಲ್ಲಿ ನೆಂಟರು “ಬಂದ್ರಪ್ಪ, ಕಾಣದ ಹೀರೋ” ಎಂದು ಕಿಚಾಯಿಸುತ್ತಿದ್ದರು. ಅರ್ಧ ಜನ ನಂಬಿದ್ದೇ ಇಲ್ಲ. ಬೇರೆಲ್ಲದರಲ್ಲಿ ಮೆತ್ತಗಿದ್ದ ಮನುಷ್ಯನಿಗೆ ಈ ಒಂದು ವಿಷಯದಲ್ಲಿ ಒಳಗೇ ಉರಿಯುತ್ತಿತ್ತು.

ಮೊಮ್ಮಗಳು ಪೂಜಾ ಡಿಗ್ರಿ ಕೊನೇ ವರ್ಷದಲ್ಲಿದ್ದಳು. ತಾತನ ಕಥೆಯನ್ನು ಬೇಸರವಿಲ್ಲದೆ ಕೇಳುತ್ತಿದ್ದವಳು ಅವಳೊಬ್ಬಳೇ.

“ತಾತ, ಬೆಳಗಿಂದ ಸಂಜೇವರೆಗೆ ಅದರೊಳಗೇ ಮಲಗಿರ್ತಿದ್ರಾ?”

“ಇನ್ನೇನು? ಬಿಸಿಲಲ್ಲಿ ತಗಡು ಕಾದು ಹೆಂಚಾಗೋದು. ಇಳೀತೀನಿ ಅಂದ್ರೆ ಡೈರೆಕ್ಟ್ರು ಕೂಗೋರು, ಬೆಳಕು ಹೋಯ್ತದೆ, ಯಾರೂ ಇಳಿಯಂಗಿಲ್ಲ ಅಂತ.”

“ಮತ್ತೆ ಊಟ?”

“ಊಟ ಏನ್ ಮಹಾ? ಯಾರೋ ಕೊಡೋರು, ತಿಂತಿದ್ದೆ. ನೀನು ಕೇಳು, ಆ ತಿರುವಲ್ಲಿ ನಾನು ಹೆಂಗೆ ಎಳೆದೆ ಗೊತ್ತಾ ಗಾಡೀನ...”

ಪೂಜಾ ಒಂದು ಮಧ್ಯಾಹ್ನ ಅಜ್ಜಿಯ ಊಟವನ್ನು ಮೊಬೈಲಿನಲ್ಲಿ ಹಿಡಿದು, ಹಳೇ ಸಿನಿಮಾದ ತುಣುಕಿನ ಜೊತೆ ಅಂಟಿಸಿ, ರೀಲ್ಸ್ ಹಾಕಿದಳು. ವಾರ ಕಳೆಯುವುದರೊಳಗೆ ಗುಬ್ಬಿಯಿಂದ ಚನ್ನವೀರಯ್ಯ ಎಂಬ ಕೊಬ್ಬರಿ ವ್ಯಾಪಾರಿ ಹುಡುಕಿಕೊಂಡು ಬಂದರು. ಅವರಿಗೆ ಹಳೇ ಹಾಸ್ಯ ಸಿನಿಮಾಗಳ ಗಾಡಿ ಕೂಡಿಡುವ ಹುಚ್ಚು. ಎರಡು ತುಂಡಾಗಿ ಓಡಿದ ಸ್ಕೂಟರು, ಎಮ್ಮೆ ಹತ್ತಿದ ಜೀಪು, ಎಲ್ಲವನ್ನೂ ಗೋದಾಮಿನ ಪಕ್ಕ ಒಂದು ದೊಡ್ಡ ಹಾಲ್ ಕಟ್ಟಿಸಿ ಇಟ್ಟಿದ್ದರು.

ಅವರು ಬಂದವರೇ ಕಾಫಿ ಬೇಡವೆಂದು ಸೀದಾ ಕಾರಿನೊಳಗೆ ತಲೆ ಹಾಕಿ ಮುಂದೆ ನೋಡಲು ಕೊರೆದಿದ್ದ ಕಿಂಡಿಯನ್ನು ಬೆರಳಿನಿಂದ ಸವರಿದರು. ತಲೆಯೆತ್ತಿದಾಗ ಅವರ ಕಣ್ಣಲ್ಲಿ ನೀರಿತ್ತು.

“ಚಿಕ್ಕೋನಿದ್ದಾಗ ನಮ್ಮಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ ಕಣ್ರೀ. ಇಷ್ಟು ವರ್ಷ ತಲೆ ಕೆಡಿಸ್ಕೊಂಡಿದೀನಿ, ಯಾರು ಓಡಿಸಿದ್ದು ಅಂತ. ನೀವೇನಾ ರಂಗಯ್ಯನೋರೇ?”

ಚಿಕ್ಕರಂಗಯ್ಯ ಹೂಂ ಎಂದು ತಲೆಯಾಡಿಸಿದ. ಜೀವಮಾನದಲ್ಲಿ ಮೊದಲ ಸಲ ಹೊರಗಿನ ಒಬ್ಬ ಮನುಷ್ಯ ಸಾಕ್ಷಿ ಕೇಳದೆ ನಂಬಿದ್ದ.

“ಕೊಡಿ ನಂಗೆ. ನಿಮ್ಮ ಹೆಸರು ದೊಡ್ಡಕ್ಷರದಲ್ಲಿ ಬೋರ್ಡ್ ಹಾಕಿಸ್ತೀನಿ,” ಎಂದರು ಚನ್ನವೀರಯ್ಯ.

“ಫೋಟೋನೂ?”

“ಫೋಟೋನೂ.”

ಮಾರನೇ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಗಳ ಮುಂದೆ ಜಗಳ ಎದ್ದಿತು. ಮಗ ತಿಮ್ಮರಾಜು ಬಟವಾಡಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ. ಹೇಳಬೇಕಾದ್ದನ್ನು ನಿಂತುಕೊಂಡೇ ಹೇಳಿ ಹೊರಡುವುದು ಅವನ ಅಭ್ಯಾಸ.

“ಕೊಟ್ಬುಡಣ ಅಪ್ಪ. ಆ ದುಡ್ಡಲ್ಲಿ ಅವ್ವನ್ನ ನೋಡ್ಕೊಳೋಕೆ ಒಬ್ರನ್ನ ಇಟ್ಕೊಬೋದು. ಇವಳು ಎಷ್ಟು ಅಂತ ಮಾಡ್ತಾಳೆ?”

“ನಿಮ್ಮವ್ವ ಊಟ ಎಲ್ಲಿ ಮಾಡ್ತಾಳ್ಲಾ?”

“ಅಭ್ಯಾಸ ಆಯ್ತದೆ.”

ಭಾನುಪ್ರಿಯಾ ಸೌಟು ಕೆಳಗಿಟ್ಟಳು. ಅವಳು ಸೀರೆಗೆ ಕುಚ್ಚು ಹಾಕಿ ನಾಲ್ಕು ಕಾಸು ನೋಡುತ್ತಿದ್ದವಳು, ಅತ್ತೆಯ ಬಟ್ಟೆ ಒಗೆಯುವುದರಲ್ಲೇ ಈಗ ದಿನ ಮುಗಿಯುತ್ತಿತ್ತು.

“ನಾನು ಸುಸ್ತಾಗಿದೀನಿ, ಇಲ್ಲ ಅನ್ನಲ್ಲ. ಆದ್ರೆ ಕಾರು ಹೋದ್ರೆ ಅತ್ತೆ ಬಾಯಿ ಬಿಡಲ್ಲ. ನೀವು ಅಂಗಡೀಲಿರ್ತೀರ, ನಿಮಗೇನ್ ಗೊತ್ತು?”

“ಅಪ್ಪನ ವಯಸ್ಸೇನು? ದಿನಾ ಅದರೊಳಗೆ ತೂರಿ ಏನಾದ್ರೂ ಆದ್ರೆ? ಆಗ ಇಬ್ರನ್ನೂ ನೀನೇ ಎತ್ತೀಯಾ?”

“ಪಪ್ಪಾ, ಅಜ್ಜಿ ನಗೋದು ಅಲ್ಲೊಂದೇ ಕಡೆ,” ಎಂದಳು ಪೂಜಾ.

“ನಿನ್ನ ರೀಲ್ಸಿಂದ್ಲೇ ಇಷ್ಟೆಲ್ಲ ಆಗಿದ್ದು. ಸುಮ್ನೆ ತಿನ್ನು.”

ಚಿಕ್ಕರಂಗಯ್ಯ ಉಪ್ಪಿಟ್ಟು ಕೆದಕುತ್ತಾ ಕೂತ. ಬೇಡವೆಂದು ಅವನು ಗಟ್ಟಿಯಾಗಿ ಹೇಳಿದ್ದರೆ ಅವತ್ತೇ ಮಾತು ಮುಗಿಯುತ್ತಿತ್ತು. ಆದರೆ ಅವನ ಕಣ್ಣಮುಂದೆ ಆ ಬೋರ್ಡು ಆಗಲೇ ನೇತಾಡುತ್ತಿತ್ತು.

ಮುಂದಿನ ವಾರ ತಿಮ್ಮರಾಜು ಹೆದರಿದ್ದೇ ಆಯಿತು. ಚಿಕ್ಕಮಾರಮ್ಮನ ಊಟ ಮುಗಿದು ಅವಳನ್ನು ಒಳಗೆ ಮಲಗಿಸಿದ ಮೇಲೂ ಮುದುಕ ಕಾರಿನಿಂದ ಹೊರಬರಲಿಲ್ಲ. ಭಾನುಪ್ರಿಯಾ ಹೋಗಿ ಕಂಬಳಿ ಎತ್ತಿ ನೋಡಿದರೆ ಬೆವರಿನಲ್ಲಿ ತೊಯ್ದು, ಹಲ್ಲು ಕಚ್ಚಿಕೊಂಡು ಬಿದ್ದಿದ್ದ. ಸೊಂಟ ಹಿಡಿದುಬಿಟ್ಟಿತ್ತು. ಪಕ್ಕದ ಮನೆಯ ಕೆಂಪಯ್ಯ ಮತ್ತು ಅವರ ಮಗ ಬಂದು ಎಳೆದು ತೆಗೆಯಬೇಕಾಯಿತು. ಡಾಕ್ಟರು ಬೆನ್ನಿನ ಎಕ್ಸ್‌ರೇ ನೋಡಿ ಇನ್ನು ಬಗ್ಗುವ ಹಾಗಿಲ್ಲ ಎಂದರು.

“ಕೂಗ್ಬಾರ್ದಿತ್ತಾ ಮಾವ?” ಎಂದು ಭಾನುಪ್ರಿಯಾ ಅತ್ತುಬಿಟ್ಟಳು.

“ಅವ್ಳು ತಿಂತಿದ್ಲು ಕಣವ್ವ. ಕೂಗಿದ್ರೆ ಹೆದ್ರುತಿದ್ಲು.”

ಅವತ್ತು ಸಂಜೆ ಅವನೇ ಮಗನನ್ನು ಕರೆದು ಗುಬ್ಬಿಗೆ ಫೋನು ಮಾಡಿಸಿದ. ಬೆನ್ನಿನ ನೆಪ ಸಿಕ್ಕಿತ್ತು. ನೆಪ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ ಎಂಬುದು ಅವನಿಗೇ ತಿಳಿದಿತ್ತು.

ಕಾರನ್ನು ಲಾರಿಗೆ ಏರಿಸಿದ ದಿನ ಚಿಕ್ಕಮಾರಮ್ಮ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು. ಮಧ್ಯಾಹ್ನ ಭಾನುಪ್ರಿಯಾ ತಟ್ಟೆ ತಂದಾಗ ಅವಳು ಎದ್ದು ಖಾಲಿ ಶೆಡ್ಡಿಗೆ ಹೋಗಿ, ಎಣ್ಣೆಕಲೆಯ ಮೇಲೆ ನಿಂತುಕೊಂಡಳು.

ನೋಡಿಕೊಳ್ಳಲು ವನಜಮ್ಮ ಎಂಬಾಕೆಯನ್ನು ಇಟ್ಟರು. ಒಳ್ಳೆಯ ಹೆಂಗಸು, ತಾಳ್ಮೆಯವಳು. ಮುದ್ದೆ ಒಲ್ಲದಿದ್ದರೆ ಗಂಜಿ, ಗಂಜಿ ಒಲ್ಲದಿದ್ದರೆ ಹಾಲಿಗೆ ಅದ್ದಿದ ಬ್ರೆಡ್ಡು. ಚಿಕ್ಕಮಾರಮ್ಮ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದಳು. ಪೂಜಾ ಕುರ್ಚಿಗಳನ್ನು ಸಾಲಾಗಿಟ್ಟು, ಮುಂದೆ ಕೂತು, ಊಟದ ತಟ್ಟೆಯನ್ನು ಸ್ಟೇರಿಂಗಿನ ಹಾಗೆ ತಿರುಗಿಸಿ ತೋರಿಸಿದಳು. ಅಜ್ಜಿ ಮೊಮ್ಮಗಳ ಮುಖ ನೋಡಿ “ನಿಂಗೇನಾಗದೆ ಮಗ?” ಎಂದು ಕೇಳಿದಳು. ಗೋಡೆಯಾಚೆ ನಿಂತು ಚಿಕ್ಕರಂಗಯ್ಯ ಬುರ್ರ್ ಎಂದು ಸದ್ದು ಮಾಡಿದ. ಅವಳು ಒಂದು ಕ್ಷಣ ಕತ್ತು ಹೊರಳಿಸಿದಳು. ಸದ್ದು ಬಂದ ಕಡೆ ಕಾರು ಕಾಣದೆ ಮತ್ತೆ ತಲೆ ತಗ್ಗಿಸಿದಳು.

ಎರಡನೇ ವಾರಕ್ಕೆ ಅವಳ ಕೈಬಳೆ ಮೊಣಕೈವರೆಗೆ ಜಾರತೊಡಗಿತು. ಬಟವಾಡಿಯ ಡಾಕ್ಟರು ಸೋಮವಾರದವರೆಗೆ ನೋಡೋಣ, ಆಮೇಲೆ ಮೂಗಿಗೆ ಪೈಪು ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದರು.

“ನಾನು ಹೇಳ್ಲಿಲ್ವಾ?” ಎಂದಳು ಭಾನುಪ್ರಿಯಾ.

ತಿಮ್ಮರಾಜು ಎದ್ದು ಹೋಗಿ ಚನ್ನವೀರಯ್ಯನವರಿಗೆ ಫೋನು ಹಚ್ಚಿ, ಅಂಗಡಿಯ ವ್ಯವಹಾರದಲ್ಲಿ ಯಾರ ಮುಂದೆಯೂ ತಗ್ಗದ ದನಿಯನ್ನು ತಗ್ಗಿಸಿ ಕೇಳಿದ: “ಸರ್, ನಮ್ಮವ್ವನ್ನ ಕರ್ಕೊಂಡ್ ಬರ್ಲಾ? ಒಂದ್ಸಲ ಆ ಕಾರಲ್ಲಿ ಕೂರಿಸ್ಬೇಕಿತ್ತು.”

“ಅದಕ್ಕೇನ್ ಕೇಳ್ತೀರ? ಭಾನುವಾರ ಬನ್ನಿ. ರಂಗಯ್ಯನೋರ ಬೋರ್ಡೂ ರೆಡಿ ಆಗದೆ.”

ಭಾನುವಾರ ಭಾನುಪ್ರಿಯಾ ಬೆಳಿಗ್ಗೆಯೇ ಎದ್ದು ಮುದ್ದೆ ಕಟ್ಟಿ, ಸೊಪ್ಪಿನ ಸಾರು ಮಾಡಿ ಡಬ್ಬಿಗೆ ತುಂಬಿದಳು. ಬಾಡಿಗೆ ಕಾರಿನಲ್ಲಿ ಎಲ್ಲರೂ ಹೊರಟರು. ಚಿಕ್ಕರಂಗಯ್ಯ ಹೆಂಡತಿಯ ಕಣ್ಣಿಗೆ ಬೀಳದಿರಲೆಂದು ತಲೆಗೆ ಟವೆಲು ಸುತ್ತಿ ಡ್ರೈವರ್ ಪಕ್ಕ ಕೂತ. ಬೆನ್ನಿಗೆ ಬೆಲ್ಟು ಕಟ್ಟಿದ್ದರೂ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿದ್ದ.

ಗುಬ್ಬಿಯ ಆ ಹಾಲ್‌ನಲ್ಲಿ ಜನ ಸೇರಿದ್ದರು. ನಡುವೆ, ಹೊಳೆಯುವ ಹೊಸ ಹಳದಿ ಬಣ್ಣದಲ್ಲಿ, ಸಿನಿಮಾದ ಅಜ್ಜಿ ಕಾರು. ಪಕ್ಕದ ಬೋರ್ಡಿನಲ್ಲಿ ಚಿಕ್ಕರಂಗಯ್ಯನ ಫೋಟೋ, ಅದರ ಕೆಳಗೆ ದೊಡ್ಡಕ್ಷರ: ‘ಕಾಣದ ಚಾಲಕ ಶ್ರೀ ಚಿಕ್ಕರಂಗಯ್ಯ’. ಜನ ಬಂದು ಕೈಕುಲುಕಿದರು, ಪಕ್ಕ ನಿಂತು ಸೆಲ್ಫಿ ತೆಗೆಸಿಕೊಂಡರು. ಚನ್ನವೀರಯ್ಯ ಶಾಲು ಹೊದಿಸಿದರು. ಜೀವನವೆಲ್ಲ ಕಾದದ್ದು ಇದಕ್ಕೇ. ಅವನ ಎದೆ ತುಂಬಿ ಬಂತು, ಅದನ್ನು ಅಲ್ಲಗಳೆಯುವಂತಿಲ್ಲ.

ಭಾನುಪ್ರಿಯಾ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದಳು. ಚಿಕ್ಕಮಾರಮ್ಮ ಸೀಟು ಸವರಿ ನೋಡಿ, ಮುಖ ಅರಳಿಸಿದಳು. ತಾನಾಗಿಯೇ ಕೈ ಚಾಚಿ ತಟ್ಟೆ ಕೇಳಿದಳು. ಪೂಜಾ ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಹಾಕ್ರೋ ಸ್ವಿಚ್ಚು,” ಎಂದರು ಚನ್ನವೀರಯ್ಯ.

ಸ್ಟೇರಿಂಗು ತಿರುಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಸುತ್ತಲಿದ್ದ ಜನ ಚಪ್ಪಾಳೆ ಹೊಡೆದು ನಕ್ಕರು.

ಚಿಕ್ಕಮಾರಮ್ಮ ನಗಲಿಲ್ಲ. ಸ್ಟೇರಿಂಗನ್ನೇ ನೋಡುತ್ತಾ ಕಿವಿಗೊಟ್ಟು ಕೂತಳು. ಆಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತನ್ನ ಬಾಯಿಗಿಡದೆ, ಬಗ್ಗಿ ಮುಂದಿನ ಸೀಟಿನ ಸಂದಿಗೆ ಕೈ ತೂರಿಸಿದಳು.

“ಬೇಗ, ಬೇಗ, ಬತ್ತಾವ್ರೆ,” ಎಂದು ಪಿಸುಗುಟ್ಟಿದಳು.

ಕೈಯನ್ನು ಇನ್ನೂ ಒಳಕ್ಕೆ ಚಾಚಿದಳು. ಒಳಗೆ ತಡಕಾಡಿದಳು. ಹಾಗೇ ಸ್ವಲ್ಪ ಹೊತ್ತು ಇದ್ದು ಕೈ ಹೊರಗೆಳೆದಳು. ತುತ್ತು ಕೈಯಲ್ಲೇ ಇತ್ತು.

“ಒಳಗ್ಯಾರೂ ಇಲ್ಲ,” ಎಂದಳು ಸೊಸೆಗೆ. “ನಮ್ಮೋರು ಎಲ್ಲೋದ್ರೇ? ಬೆಳಗಿಂದ ಹಸ್ಕೊಂಡವ್ರೆ.”

ಬೋರ್ಡಿನ ಪಕ್ಕ ಶಾಲು ಹೊದ್ದು ನಿಂತಿದ್ದ ಚಿಕ್ಕರಂಗಯ್ಯನಿಗೆ ಆಗ ನೆನಪಾಯಿತು. ಮಾರ್ಕೋನಹಳ್ಳಿ ಕಟ್ಟೆಯ ಆ ಉರಿಬಿಸಿಲು. ಮದುವೆಯಾಗಿ ಇನ್ನೂ ವರ್ಷ ತುಂಬದ ಹೆಂಡತಿ, ಹತ್ತಿರದ ತವರಿನಿಂದ ಕುಕ್ಕೆ ಹೊತ್ತು ಬಂದು, ಕಾರು ನೋಡುವವಳ ಹಾಗೆ ಹಿಂದೆ ಹತ್ತಿ ಕೂತು, ಸಿನಿಮಾದವರು ಅತ್ತ ತಿರುಗಿದಾಗ ಸೀಟಿನ ಸಂದಿಯಿಂದ ತುತ್ತು ತೂರಿಸುತ್ತಿದ್ದಳು. “ಬೇಗ ನುಂಗಿ, ಬತ್ತಾವ್ರೆ” ಎನ್ನುತ್ತಿದ್ದಳು. ಯಾರೋ ಕೊಡೋರು ಎಂದು ಮೊಮ್ಮಗಳಿಗೆ ಹೇಳಿದ್ದನಲ್ಲ, ಆ ಯಾರೋ ಇವಳೇ. ಎಲ್ಲ ಮರೆತವಳಿಗೆ ಅದೊಂದು ನೆನಪಿತ್ತು. ಎಲ್ಲ ನೆನಪಿದ್ದವನು ಅದೊಂದನ್ನು ಮರೆತಿದ್ದ. ಅವನು ದಿನವೂ ಗುಡಿಸಿ ಕಾಗೆಗೆ ಎಸೆದದ್ದು ತನ್ನ ಊಟವನ್ನೇ.

ಶಾಲು ಅಲ್ಲೇ ಬಿಸಾಕಿ ಅವನು ಕಾರಿನ ಮುಂದಿನ ಬಾಗಿಲು ತೆಗೆದ.

“ಅಪ್ಪಾ, ಬೆನ್ನು! ಬಗ್ಗಬೇಡ!” ಎಂದು ತಿಮ್ಮರಾಜು ಓಡಿ ಬಂದ.

“ಬುಡ್ಲಾ ನನ್ನ.”

ಮೊಣಕಾಲೂರಿ, ನರಳುತ್ತಾ, ಡ್ಯಾಶ್‌ಬೋರ್ಡಿನ ಕೆಳಗೆ ಭುಜ ತೂರಿಸಿದ. ಭುಜ ಕಬ್ಬಿಣಕ್ಕೆ ಬಡಿಯಿತು. ಅವನು ಮಲಗುತ್ತಿದ್ದ ಜಾಗದಲ್ಲಿ ಮೋಟಾರಿನ ಪೆಟ್ಟಿಗೆ ಕೂತಿತ್ತು. ಸ್ಟೇರಿಂಗಿನ ಕಂಬಿಯನ್ನು ಕತ್ತರಿಸಿ ಅದಕ್ಕೆ ವೆಲ್ಡ್ ಮಾಡಿದ್ದರು.

“ಬಿಚ್ಚಿಸಿಕೊಡ್ತೀನಿ ರಂಗಯ್ಯನೋರೇ, ಮೇಸ್ತ್ರಿನ ಕರೆಸ್ತೀನಿ. ನಂಗೆ ಗೊತ್ತಾಗ್ಲಿಲ್ಲ...” ಚನ್ನವೀರಯ್ಯ ಒಳ್ಳೆಯ ಮನುಷ್ಯ, ಗಾಬರಿಯಿಂದ ಕೈ ಹೊಸೆಯುತ್ತಿದ್ದರು. ಕತ್ತರಿಸಿದ್ದನ್ನು ಮೊದಲಿನಂತೆ ಮಾಡಲು ಎಷ್ಟು ದಿನವೋ ಅವರಿಗೂ ಗೊತ್ತಿರಲಿಲ್ಲ.

ಚಿಕ್ಕರಂಗಯ್ಯ ಎದ್ದು, ಹಿಂದಿನ ಕಿಟಕಿಗೆ ಬಂದು, ತಲೆಯ ಟವೆಲು ತೆಗೆದ.

“ನಾನೇ ಕಣೇ ಮಾರಿ. ಇಲ್ಲೇ ಇದೀನಿ. ಕೊಡು.”

ಅವನು ಕೈಯೊಡ್ಡಿದ. ಅವಳು ಆ ಕೈಯನ್ನೂ ಮುಖವನ್ನೂ ನೋಡಿದಳು. ಈ ಸಲ ಕಿರುಚಲಿಲ್ಲ.

“ನೀವ್ಯಾರೋ ಏನೋ ಯಜಮಾನ್ರೇ. ಇದು ನಮ್ಮೋರಿಗೆ,” ಎಂದು ಮೆಲ್ಲಗೆ ಹೇಳಿ ತುತ್ತನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಮುಷ್ಟಿ ಬಿಡಿಸಲು ಯಾರಿಂದಲೂ ಆಗಲಿಲ್ಲ. ತಟ್ಟೆಯಲ್ಲಿದ್ದ ಮುದ್ದೆ ಹಾಗೇ ಡಬ್ಬಿಗೆ ಹೋಯಿತು. ವಾಪಸು ಬರುವಾಗ ಚಿಕ್ಕರಂಗಯ್ಯ ಅಡಗಿಕೊಳ್ಳಲಿಲ್ಲ, ಹಿಂದೆ ಅವಳ ಪಕ್ಕದಲ್ಲೇ ಕೂತ. ಅವಳು ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೆ ಯಾರನ್ನೋ ಹುಡುಕುತ್ತಿದ್ದಳು. ತಿಮ್ಮರಾಜು ಮುಂದೆ ಕೂತು ಬೆನ್ನು ತೋರಿಸಿಕೊಂಡೇ ಅಳುತ್ತಿದ್ದ. ಭಾನುಪ್ರಿಯಾ ಈ ಸಲ “ನಾನು ಹೇಳ್ಲಿಲ್ವಾ” ಎನ್ನಲಿಲ್ಲ.

ಬಟವಾಡಿಯ ಹತ್ತಿರ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಚಿಕ್ಕಮಾರಮ್ಮನಿಗೆ ಜೊಂಪು ಹತ್ತಿತು. ತಲೆ ಸೊಸೆಯ ಭುಜಕ್ಕೆ ವಾಲಿತು. ಮುಷ್ಟಿ ಸಡಿಲಗೊಂಡು, ಒಣಗಿ ಕಪ್ಪಾದ ಮುದ್ದೆಯ ತುತ್ತು ಕೆಳಗೆ ಮ್ಯಾಟಿನ ಮೇಲೆ ಬಿತ್ತು. ಭಾನುಪ್ರಿಯಾ ಒರೆಸಲು ಬಟ್ಟೆ ತೆಗೆದಳು.

ಮುದುಕ ಅವಳ ಕೈ ತಡೆದ. ಬೆನ್ನಿನ ಬೆಲ್ಟು ಕಿರುಗುಟ್ಟುವಂತೆ ಬಗ್ಗಿ, ತುತ್ತನ್ನು ಹೆಕ್ಕಿ, ಅಂಟಿದ್ದ ಮಣ್ಣನ್ನು ಊದಿ ಬಾಯಿಗಿಟ್ಟುಕೊಂಡ.

“ಮಾವ, ಅದು ನೆಲಕ್ಕೆ ಬಿದ್ದಿದ್ದು!”

“ನಂದೇ ಕಣವ್ವ ಅದು,” ಎಂದ ಚಿಕ್ಕರಂಗಯ್ಯ. ಬೇಗ ನುಂಗಲು ನೋಡಿದ.